ಬಾರದ ಬಿರುಗಾಳಿಯ ಭಾರ

ಗಾಳಿಯೆಂಬುದು ಜೀವಿಗಳಿಗೆ ಮೊದಲ ಆಹಾರ. ಹುಟ್ಟಿದ ಕೂಸು ತಾಯಿಯ ಹಾಲು ಕುಡಿಯುವುದಕ್ಕೆ ಮುನ್ನ ಉಸಿರನ್ನು ಕುಡಿಯುತ್ತದೆ. ಮನುಷ್ಯನನ್ನು ಕಟ್ಟಕಡೆಗೆ ಬಿಟ್ಟುಹೋಗುವುದೂ ಉಸಿರೇ. ಕಣದಲ್ಲಿ ಹೊಟ್ಟನ್ನು ತೂರಿ ಕಾಳನ್ನು ಉಳಿಸಿಕೊಡುವುದು ಗಾಳಿ. ಮುಂಗಾರಿನ ಮೋಡಗಳನ್ನು ಹೊತ್ತು ತಂದು ಹೊಲಗಳ ಮೇಲೆ ಇಳಿಸುವುದೂ ಗಾಳಿಯೇ. ಬಯಲುಸೀಮೆಯ ಒಕ್ಕಲುತನದ ಮನೆಗಳಲ್ಲಿ ಬೆಳೆದ ನಮಗೆ ಗಾಳಿಯೆಂದರೆ ಬಂಧುವಿದ್ದಂತೆ. ಆದರೆ ಇದೇ ಗಾಳಿಯ ಸುದ್ದಿ ಕಿವಿಗೆ ಬಿದ್ದೊಡನೆ ಎದೆ ನಡುಗಿ, ಅನ್ನ ಸೇರದೆ, ಕಣ್ಣಿಗೆ ನಿದ್ದೆ ಹತ್ತದೆ ಕುಳಿತುಬಿಡುವ ಲಕ್ಷಾಂತರ ಜನರು ಈ ದೇಶದ ಪೂರ್ವ ಕರಾವಳಿಯಲ್ಲಿ ಬಾಳುತ್ತಿದ್ದಾರೆ.

ಚಂಡಮಾರುತವೊಂದು ಅಪ್ಪಳಿಸಿದಾಗ ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಮುರಿದ ವಿದ್ಯುತ್ ಕಂಬಗಳೆಷ್ಟು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಅದು ಅವಶ್ಯವಾದ ಲೆಕ್ಕವೇ ಸರಿ. ಆದರೆ ಯಾವ ದಫ್ತರಕ್ಕೂ ಸೇರದ ಹಾನಿ ಇನ್ನೊಂದುಂಟು. ಬಂದೀತು, ಬಂದೀತು ಎಂದು ಕಾಯುವಾಗಿನ ಭಯ. ಬಾರದೆ ಹೋದ ಮೇಲೂ ಬಿಟ್ಟುಹೋಗದ ಭಯ. ಒಂದು ವರ್ಷ ಬಂದು, ಮರುವರ್ಷ ಮತ್ತೆ ಬಂದು, ನಡುವೆ ಎರಡು ಸಲ ಬರುತ್ತೇನೆಂದು ಹೆದರಿಸಿ ಪಕ್ಕಕ್ಕೆ ಸರಿದುಹೋಗುವ ಬಿರುಗಾಳಿಯು ಮನುಷ್ಯನ ಅಂತಃಕರಣವನ್ನು ಏನು ಮಾಡುತ್ತದೆ? ಪದೇ ಪದೇ ಕಂಡದ್ದರಿಂದ ಮನಸ್ಸು ಗಟ್ಟಿಯಾಗುವುದೇ, ಅಥವಾ ಇನ್ನಷ್ಟು ಮೆತ್ತಗಾಗುವುದೇ? ಈ ಪ್ರಶ್ನೆಯನ್ನು ವಾಚಕರ ಮುಂದಿಟ್ಟು ವಿಚಾರಿಸಬೇಕೆಂಬುದು ನಮ್ಮ ಉದ್ದೇಶ.

ವರ್ಷಕ್ಕೆ ಎರಡು ಸಲದ ಕಾಯುವಿಕೆ

ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ ವರ್ಷಕ್ಕೆರಡು. ಮುಂಗಾರು ಹಿಡಿಯುವುದಕ್ಕೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳುಗಳು ಒಂದು. ಮುಂಗಾರು ಹಿಂದೆ ಸರಿದ ಬಳಿಕ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ಕಡಲ ಮೇಲಣ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿ ಕಾದಾಗ ಅಲ್ಲಿಯ ಬಿಸಿಯಾದ ತೇವದ ಗಾಳಿ ಮೇಲಕ್ಕೇರುತ್ತದೆ. ಆ ಸ್ಥಳದಲ್ಲಿ ವಾಯುಭಾರ ಕುಸಿಯುತ್ತದೆ. ತೆರವಾದೆಡೆಗೆ ಸುತ್ತಣ ಗಾಳಿ ನುಗ್ಗುವಾಗ ಭೂಮಿಯ ತಿರುಗುವಿಕೆಯ ಕಾರಣ ಅದು ನೇರವಾಗಿ ಹರಿಯದೆ ಸುತ್ತತೊಡಗುತ್ತದೆ. ಹವಾಮಾನ ಇಲಾಖೆಯವರು ಇದನ್ನು ವಾಯುಭಾರ ಕುಸಿತ, ಚಂಡಮಾರುತ, ತೀವ್ರ ಚಂಡಮಾರುತ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರಿಸುತ್ತಾರೆ. ಕೆಲವು ಕುಸಿತಗಳು ನಡುಗಡಲಲ್ಲೇ ಕರಗುತ್ತವೆ. ಕೆಲವು ದಿಕ್ಕು ಬದಲಿಸಿ ಆಂಧ್ರಕ್ಕೋ ಬಂಗಾಳಕ್ಕೋ ಬಾಂಗ್ಲಾದೇಶಕ್ಕೋ ಹೋಗುತ್ತವೆ. ಯಾವುದು ಕರಗೀತು, ಯಾವುದು ಕೆರಳೀತು ಎಂಬುದನ್ನು ಮೊದಲ ದಿನವೇ ಖಚಿತವಾಗಿ ಹೇಳಲಾಗದು. ಆದ್ದರಿಂದ ದಡದ ಜನರು ಪ್ರತಿಯೊಂದು ಕುಸಿತದ ಸುದ್ದಿ ಬಂದಾಗಲೂ ಆಕಾಶ ನೋಡುತ್ತ ಕಾಯಲೇಬೇಕು.

2004ರಿಂದೀಚೆಗೆ ಈ ಭಾಗದ ಚಂಡಮಾರುತಗಳಿಗೆ ಸುತ್ತಣ ದೇಶಗಳು ಸರದಿಯಂತೆ ಕೊಟ್ಟ ಹೆಸರುಗಳನ್ನು ಇಡಲಾಗುತ್ತಿದೆ. ಥಾಯ್ಲೆಂಡ್ ಕೊಟ್ಟ ‘ಫೈಲಿನ್’ ಎಂಬುದಕ್ಕೆ ನೀಲಮಣಿಯೆಂದು ಅರ್ಥ. ಪಾಕಿಸ್ತಾನ ಕೊಟ್ಟ ‘ತಿತ್ಲಿ’ ಎಂದರೆ ಚಿಟ್ಟೆ. ಬಾಂಗ್ಲಾದೇಶ ಕೊಟ್ಟ ‘ಫಣಿ’ ಎಂದರೇನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮಣಿ, ಚಿಟ್ಟೆ ಎಂಬ ಮುದ್ದಾದ ಹೆಸರುಗಳು ಕರಾವಳಿಯ ಮನೆಗಳಲ್ಲಿ ಬೇರೆಯೇ ನೆನಪುಗಳನ್ನು ಎಬ್ಬಿಸುತ್ತವೆ.

ಹೆಸರಿಲ್ಲದ ಮಹಾಮಾರುತ

ಈ ಭಯದ ಬೇರು ತಿಳಿಯಬೇಕಾದರೆ 1999ನೆಯ ಇಸವಿಗೆ ಹೋಗಬೇಕು. ಆ ವರ್ಷ ಅಕ್ಟೋಬರ್ 17ರಂದು ಒಡಿಶಾದ, ಅಂದಿನ ಒರಿಸ್ಸಾದ, ಗೋಪಾಲಪುರದ ಬಳಿ ಒಂದು ಚಂಡಮಾರುತ ಹೊಡೆದು ಗಂಜಾಂ ಜಿಲ್ಲೆಯನ್ನು ನಲುಗಿಸಿತು. ಅದಾಗಿ ಎರಡು ವಾರ ಕಳೆದಿರಲಿಲ್ಲ. ಅಕ್ಟೋಬರ್ 29ರಂದು ಪಾರಾದೀಪದ ಹತ್ತಿರ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಮಹಾಚಂಡಮಾರುತ ದಡವೇರಿತು. ಅಂದು ಹೆಸರಿಡುವ ಪದ್ಧತಿ ಇರಲಿಲ್ಲ. ಹೆಸರಿಲ್ಲದ ಆ ಗಾಳಿ ಒಂದು ದಿನಕ್ಕೂ ಹೆಚ್ಚು ಕಾಲ ಅದೇ ನೆಲದ ಮೇಲೆ ಸುತ್ತುತ್ತ ನಿಂತಿತು. ಐದಾರು ಮೀಟರ್ ಎತ್ತರಕ್ಕೆ ಉಕ್ಕಿದ ಕಡಲು ಹಳ್ಳಿಗಳೊಳಗೆ ಹರಿಯಿತು. ಸತ್ತವರು ಸುಮಾರು 10,000 ಮಂದಿ. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚಿನವರು ಜಗತ್‌ಸಿಂಗಪುರವೆಂಬ ಒಂದೇ ಜಿಲ್ಲೆಯವರು. ಆ ಜಿಲ್ಲೆಯ ಎರಸಮಾ ಪ್ರದೇಶದಲ್ಲಿ ಮನೆಮಂದಿಯೆಲ್ಲ ಕೊಚ್ಚಿಹೋಗಿ ಒಬ್ಬೊಬ್ಬರೇ ಉಳಿದ ಕುಟುಂಬಗಳಿದ್ದವು.

ಹಿರಿಯರಿಗೆ ಇದು ಎರಡನೆಯ ಬಾರಿ. 1971ರ ಅಕ್ಟೋಬರ್ ಕೊನೆಯಲ್ಲಿಯೂ ಇದೇ ಪಾರಾದೀಪದ ಕಡೆಯಲ್ಲಿ ಹೊಡೆದ ಚಂಡಮಾರುತ ಸುಮಾರು ಹತ್ತು ಸಾವಿರ ಜೀವಗಳನ್ನು ಕೊಂಡೊಯ್ದಿತ್ತು. ಮಕ್ಕಳಾಗಿದ್ದಾಗ ತಂದೆತಾಯಿಯರನ್ನು ಕಳೆದುಕೊಂಡವರು ತಾವೇ ತಂದೆತಾಯಿಯರಾದ ಮೇಲೆ ಮಕ್ಕಳನ್ನು ಕಳೆದುಕೊಂಡರೆಂದರೆ ಆ ದುಃಖಕ್ಕೆ ಯಾವ ಮಾತು ಸಾಕಾದೀತು!

1999ರ ಮಹಾಮಾರುತವಾಗಿ ಒಂದು ವರ್ಷ ಕಳೆದ ಮೇಲೆ ಮನೋವೈದ್ಯರು ಆ ಭಾಗದ ಸುಮಾರು 450 ಶಾಲಾಮಕ್ಕಳನ್ನು ಮಾತನಾಡಿಸಿ ಪರೀಕ್ಷಿಸಿದರು. ಹತ್ತರಲ್ಲಿ ಮೂರು ಮಕ್ಕಳಂತೆ ಆಘಾತದ ನಂತರ ಉಳಿದುಕೊಳ್ಳುವ ಮಾನಸಿಕ ವ್ಯಾಧಿಯ ಲಕ್ಷಣಗಳು ಕಂಡುಬಂದವು. ಈ ವ್ಯಾಧಿಯುಳ್ಳವರಿಗೆ ನಡೆದುಹೋದುದು ಮತ್ತೆ ಈಗಲೇ ನಡೆಯುತ್ತಿರುವಂತೆ ಕಾಣುತ್ತದೆ. ಅವರು ನಿದ್ದೆಯಲ್ಲಿ ಬೆಚ್ಚಿಬೀಳುತ್ತಾರೆ. ಸಣ್ಣ ಸದ್ದಿಗೂ ಹೌಹಾರುತ್ತಾರೆ. ಆ ಘಟನೆಯನ್ನು ನೆನಪಿಗೆ ತರುವ ಸ್ಥಳ, ಮಾತು, ವಸ್ತುಗಳಿಂದ ದೂರ ಸರಿಯುತ್ತಾರೆ. ನೀರು ಇಳಿದು ಹೊಲ ಹಸಿರಾದ ಮೇಲೂ ಆ ಎಳೆಯ ಮನಸ್ಸುಗಳಲ್ಲಿ ಕಡಲು ಇಳಿದಿರಲಿಲ್ಲ.

ಜೀವ ಉಳಿಯಿತು, ನೆಮ್ಮದಿ?

ಒಡಿಶಾ ಸರಕಾರವೂ ಅಲ್ಲಿಯ ಜನರೂ ಆ ದುರಂತದಿಂದ ಕಲಿತ ಪಾಠವನ್ನು ಮನಸಾರೆ ಪ್ರಶಂಸಿಸಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣೆಗಾಗಿಯೇ ಒಂದು ಪ್ರಾಧಿಕಾರವನ್ನು ಕಟ್ಟಿದರು. 1999ರಲ್ಲಿ ಎರಡು ಡಜನ್ನಿನಷ್ಟಿದ್ದ ಚಂಡಮಾರುತ ಆಶ್ರಯ ಕಟ್ಟಡಗಳು ಇಂದು ಎಂಟುನೂರನ್ನು ಮೀರಿವೆ. ಕಡಲಂಚಿನ ಆರು ಜಿಲ್ಲೆಗಳಲ್ಲಿ 122 ಎಚ್ಚರಿಕೆಯ ಗೋಪುರಗಳು ನಿಂತಿವೆ. ಒಂದೇ ಗುಂಡಿ ಒತ್ತಿದರೆ ಅಷ್ಟೂ ಕಡೆ ಸೈರನ್ ಕೂಗುತ್ತದೆ. 2013ರ ಅಕ್ಟೋಬರ್ 12ರಂದು ದುರ್ಗಾಪೂಜೆಯ ನಡುವೆಯೇ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. 2019ರ ಮೇ 3ರಂದು ಫಣಿ ಪುರಿಯ ಬಳಿ ಅಪ್ಪಳಿಸಿದಾಗ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿದರು. ಒಡಿಶಾದಲ್ಲಿ 64 ಮಂದಿ ತೀರಿಕೊಂಡರು. 2024ರ ಅಕ್ಟೋಬರ್ 24ರ ರಾತ್ರಿಯಿಂದ 25ರ ಮುಂಜಾನೆಯವರೆಗೆ ಭಿತರಕನಿಕಾ ಮತ್ತು ಧಾಮ್ರಾ ನಡುವೆ ‘ದಾನಾ’ ದಡ ದಾಟಿದಾಗ ಆರು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದ್ದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಆ ಆತಂಕದ ದಿನಗಳಲ್ಲಿಯೇ ಆರೋಗ್ಯ ಕೇಂದ್ರಗಳಲ್ಲಿ ಸುಮಾರು 1,600 ಶಿಶುಗಳು ಜನಿಸಿದವೆಂದು ಅಲ್ಲಿಯ ಮುಖ್ಯಮಂತ್ರಿಗಳು ಪ್ರಕಟಿಸಿದರು. ಹತ್ತು ಸಾವಿರ ಸಾವುಗಳ ಎದುರಿಗೆ ಈ ಸಂಖ್ಯೆಗಳನ್ನು ಇಟ್ಟು ನೋಡಿದಾಗ ಕೈಮುಗಿಯಬೇಕೆನಿಸುತ್ತದೆ.

ಆದರೂ ಇನ್ನೊಂದು ಮಗ್ಗುಲನ್ನು ನೋಡೋಣ. ಫೈಲಿನ್ ಬಂದುದು 2013ರ ಅಕ್ಟೋಬರ್ 12ರಂದು. ಸರಿಯಾಗಿ ಒಂದು ವರ್ಷಕ್ಕೆ, 2014ರ ಅಕ್ಟೋಬರ್ 12ರಂದು, ವಿಶಾಖಪಟ್ಟಣಕ್ಕೆ ಹುಡ್‌ಹುಡ್ ಬಂತು. 2018ರ ಅಕ್ಟೋಬರ್ 11ರಂದು ತಿತ್ಲಿ, 2019ರ ಮೇ ತಿಂಗಳಲ್ಲಿ ಫಣಿ, 2020ರ ಮೇ ತಿಂಗಳಲ್ಲಿ, ಕೊರೊನಾ ರೋಗದ ನಡುವೆ, ಅಂಫಾನ್, 2021ರ ಮೇ 26ರಂದು ಬಾಲೇಶ್ವರ ಜಿಲ್ಲೆಯಲ್ಲಿ ಯಾಸ್, ಅದೇ ಸೆಪ್ಟೆಂಬರಿನಲ್ಲಿ ಗುಲಾಬ್, ಡಿಸೆಂಬರಿನಲ್ಲಿ ಜವಾದ್, 2022ರ ಮೇ ತಿಂಗಳಲ್ಲಿ ಅಸಾನಿ, 2024ರಲ್ಲಿ ದಾನಾ. ಇವುಗಳಲ್ಲಿ ಕೆಲವು ಒಡಿಶಾಕ್ಕೆ ನೇರವಾಗಿ ಹೊಡೆದವು, ಕೆಲವು ಪಕ್ಕಕ್ಕೆ ಹೊಡೆದವು, ಕೆಲವು ದಡ ಮುಟ್ಟುವ ಮುನ್ನವೇ ದುರ್ಬಲವಾದವು. ಆದರೆ ಬರುವ ಮೊದಲಿನ ಮೂರು ನಾಲ್ಕು ದಿನಗಳ ಆತಂಕಕ್ಕೆ ಈ ಭೇದವಿಲ್ಲ. ಹೊಡೆದ ಗಾಳಿಯ ಮುನ್ನಾರಾತ್ರಿಯೂ ಹೊಡೆಯದ ಗಾಳಿಯ ಮುನ್ನಾರಾತ್ರಿಯೂ ಒಂದೇ ರೀತಿಯಲ್ಲಿ ಕಳೆಯುತ್ತವೆ.

ಆ ರಾತ್ರಿಯ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಒಬ್ಬ ಅಜ್ಜಿ, ಮಗ, ಸೊಸೆ, ಮೂರು ಮಕ್ಕಳು, ಒಂದು ಆಕಳು. ಸೈರನ್ ಕೂಗಿದೆ, ಸ್ವಯಂಸೇವಕರು ಧ್ವನಿವರ್ಧಕದಲ್ಲಿ ಹೊರಡಿ ಹೊರಡಿ ಎನ್ನುತ್ತಿದ್ದಾರೆ. ಸೊಸೆಯು ಹೊಲದ ಪತ್ರ, ಪಡಿತರ ಚೀಟಿ, ಮಕ್ಕಳ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತಾಳೆ. ಒಂದಿಷ್ಟು ಅವಲಕ್ಕಿ ಬೆಲ್ಲ ತೆಗೆದುಕೊಳ್ಳುತ್ತಾಳೆ. ಮಗನು ದೋಣಿಯನ್ನು ಮೇಲಕ್ಕೆಳೆದು ಕಟ್ಟಿ ಬರುತ್ತಾನೆ. ಅಜ್ಜಿಯು ಆಕಳ ಕೊರಳಿನ ಹಗ್ಗವನ್ನು ಬಿಚ್ಚಿ, ನೀರು ಬಂದರೆ ಈಜಿಯಾದರೂ ಬದುಕಿಕೊಳ್ಳಲಿ ಎಂದು ಬಿಡುತ್ತಾಳೆ. ಆಶ್ರಯ ಕಟ್ಟಡದ ಹಜಾರದಲ್ಲಿ ನೂರಾರು ಜನ, ಶೌಚಕ್ಕೆ ಸಾಲು. ಮೊಲೆಯೂಡಿಸುವ ತಾಯಿಗೆ ಮರೆಯಿಲ್ಲ. ಪ್ರಾಯದ ಹೆಣ್ಣುಮಕ್ಕಳು ಮುದುಡಿಕೊಂಡು ಕುಳಿತಿದ್ದಾರೆ. ಮರುದಿನ ಬೆಳಗ್ಗೆ ಗಾಳಿ ಬೇರೆಡೆಗೆ ತಿರುಗಿತೆಂಬ ಸುದ್ದಿ. ಮನೆಗೆ ಹಿಂದಿರುಗುತ್ತಾರೆ. ಮನೆ ಇದ್ದಂತೆಯೇ ಇದೆ. ಆಕಳು ಮಾತ್ರ ಎಲ್ಲಿಯೋ ಹೋಗಿದೆ.

ದೂರದಲ್ಲಿರುವವರು ಏನೂ ಆಗಲಿಲ್ಲವೆಂದು ನಿಟ್ಟುಸಿರು ಬಿಡುತ್ತಾರೆ. ಏನೂ ಆಗಲಿಲ್ಲವೇ? ನಾಲ್ಕು ದಿನದ ಕೂಲಿ ಹೋಯಿತು; ಕಡಲಿಗಿಳಿಯಬಾರದೆಂಬ ಆಜ್ಞೆಯಿಂದ ವಾರದ ಮೀನು ಹೋಯಿತು. 2021ರ ಡಿಸೆಂಬರಿನಲ್ಲಿ ಜವಾದ್ ದಡಕ್ಕೆ ಬರುವಷ್ಟರಲ್ಲಿ ಶಕ್ತಿಗುಂದಿತು. ಆದರೆ ಅದು ತಂದ ಮಳೆ ಸುಗ್ಗಿಯ ಕಾಲದ ಭತ್ತವನ್ನು ಗದ್ದೆಯಲ್ಲಿಯೇ ನೆನೆಸಿಬಿಟ್ಟಿತು. ಇವು ಕಣ್ಣಿಗೆ ಕಾಣುವ ನಷ್ಟಗಳು. ರಾತ್ರಿಯೆಲ್ಲ ಅಜ್ಜಿಯು ಸೆರಗು ಕಚ್ಚಿಕೊಂಡು ಕುಳಿತುದನ್ನು ಕಂಡ ಆರು ವರ್ಷದ ಮೊಮ್ಮಗುವಿನ ಮನಸ್ಸಿನಲ್ಲಿ ಏನು ಅಚ್ಚೊತ್ತಿತೆಂಬುದು ಕಾಣದು. ಅದಕ್ಕೆ ಪರಿಹಾರದ ಅರ್ಜಿಯೂ ಇಲ್ಲ.

ಸಿರಿವಂತ ನಾಡಿನಲ್ಲಿಯೂ ಇದೇ

ಇದು ಬಡತನದಿಂದ ಬಂದ ಭೀತಿ, ಗಟ್ಟಿ ಮನೆ ಕಟ್ಟಿಕೊಂಡವರಿಗೆ ಇಲ್ಲ ಎಂದು ಯಾರಾದರೂ ಅಂದಾರು. ಅಮೆರಿಕದ ಆಗ್ನೇಯ ಕರಾವಳಿಯ ವೃತ್ತಾಂತವನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ನಾವು ಚಂಡಮಾರುತವೆನ್ನುವುದನ್ನೇ ಅಲ್ಲಿ ಹರಿಕೇನ್ ಎನ್ನುತ್ತಾರೆ. 2004ರಲ್ಲಿ ಫ್ಲೋರಿಡಾ ರಾಜ್ಯವು ಆಗಸ್ಟ್ 13ರಿಂದ ಸೆಪ್ಟೆಂಬರ್ 26ರೊಳಗೆ ಚಾರ್ಲಿ, ಫ್ರಾನ್ಸಿಸ್, ಐವನ್, ಜೀನ್ ಎಂಬ ನಾಲ್ಕು ಹರಿಕೇನುಗಳ ಹೊಡೆತಕ್ಕೆ ಸಿಕ್ಕಿತು. ಇವುಗಳಲ್ಲಿ ಫ್ರಾನ್ಸಿಸ್ ಮತ್ತು ಜೀನ್ ಮೂರು ವಾರಗಳ ಅಂತರದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ದಡವೇರಿದವು. 2020ರಲ್ಲಿ ಲೂಸಿಯಾನಾದ ಲೇಕ್ ಚಾರ್ಲ್ಸ್ ಪಟ್ಟಣವನ್ನು ಆಗಸ್ಟ್ 27ರಂದು ಲಾರಾ ಎಂಬುದು ಹಾಳುಗೆಡವಿತು. ಛಾವಣಿಗಳ ಮೇಲೆ ಹೊದಿಸಿದ ನೀಲಿ ತಾಡಪಾಲುಗಳು ಇನ್ನೂ ಇದ್ದಂತೆಯೇ ಅಕ್ಟೋಬರ್ 9ರಂದು ಡೆಲ್ಟಾ ಬಂದಿತು. 2024ರಲ್ಲಿ ಹೆಲೀನ್ ಬಂದ ಹದಿಮೂರೇ ದಿನಕ್ಕೆ ಮಿಲ್ಟನ್ ಬಂದಾಗ ಫ್ಲೋರಿಡಾದ ಬೀದಿಗಳಲ್ಲಿ ಮೊದಲಿನ ಗಾಳಿಯ ಅವಶೇಷಗಳ ರಾಶಿ ಎತ್ತದೆ ಬಿದ್ದಿತ್ತು.

ಭಯವೇ ಹೇಗೆ ಜೀವ ತೆಗೆಯಬಲ್ಲದೆಂಬುದಕ್ಕೆ 2005ರ ಹ್ಯೂಸ್ಟನ್ ನಗರವೇ ಸಾಕ್ಷಿ. ಆ ಆಗಸ್ಟ್ 29ರಂದು ಕತ್ರೀನಾ ಎಂಬ ಹರಿಕೇನ್ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ್ದನ್ನು ಜನ ದೂರದರ್ಶನದಲ್ಲಿ ಕಂಡಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ ರೀಟಾ ಎಂಬ ಇನ್ನೊಂದು ಬರುತ್ತದೆಂಬ ಸುದ್ದಿ ಹರಡಿತು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಲೇ ರಸ್ತೆಗಿಳಿದರು. ವಾಹನಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತಲ್ಲಿಯೇ ನಿಂತವು. ವೃದ್ಧಾಶ್ರಮದಿಂದ ಹಿರಿಯರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ 23 ಮಂದಿ ಸತ್ತರು. ಟೆಕ್ಸಾಸಿನಲ್ಲಿ ರೀಟಾದ ಲೆಕ್ಕಕ್ಕೆ ಸೇರಿದ ನೂರಕ್ಕೂ ಮಿಕ್ಕ ಸಾವುಗಳಲ್ಲಿ ಬಹುಪಾಲು ಹೀಗೆ ಓಡಿಹೋಗುವಾಗ ಆದವು. ಗಾಳಿಯೋ ಪೂರ್ವಕ್ಕೆ ತಿರುಗಿತು. ಹ್ಯೂಸ್ಟನ್ ನಗರ ಪಾರಾಯಿತು.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಫ್ಲೋರಿಡಾ, ಟೆಕ್ಸಾಸ್ ಕಡೆಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿದ್ದಾರೆ. ಅಲ್ಲಿ ಹರಿಕೇನ್ ಸುದ್ದಿ ಎದ್ದಾಗ ಇಲ್ಲಿ ತಾಯಂದಿರು ದೂರದರ್ಶನದ ಮುಂದೆ ಕುಳಿತು, ದೂರವಾಣಿ ಎತ್ತುವವರೆಗೆ ಅನ್ನ ಮುಟ್ಟದಿರುವುದನ್ನು ಬಲ್ಲೆವು. ಅಂಥ ತಾಯಂದಿರಿಗೆ ಎರಸಮಾದ ಅಜ್ಜಿಯ ಭಯವನ್ನು ವಿವರಿಸಬೇಕಾಗಿಲ್ಲ.

ಮನಸ್ಸು ಪಳಗುವುದೇ?

ಪೆಟ್ಟು ತಿಂದು ತಿಂದು ಮನುಷ್ಯ ಗಟ್ಟಿಯಾಗುತ್ತಾನೆಂಬುದು ಲೋಕದ ನಂಬಿಕೆ. ಕಲ್ಲು ಹೊತ್ತ ಹೆಗಲು ಜಡ್ಡುಗಟ್ಟುವುದನ್ನು ಕಂಡವರು ಮನಸ್ಸೂ ಹಾಗೆಯೇ ಎಂದುಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಫ್ಲೋರಿಡಾದಲ್ಲಿ ನಡೆಯಿತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಎಂಬ ಹರಿಕೇನ್ ದಡ ಮುಟ್ಟುವುದಕ್ಕೆ ಮುನ್ನವೇ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ನಿವಾಸಿಗಳ ಮನಃಸ್ಥಿತಿಯನ್ನು ವಿಚಾರಿಸಿದರು. ಗಾಳಿ ಹೋದ ಮೇಲೆ ಮತ್ತೆ ವಿಚಾರಿಸಿದರು. 2018ರ ಅಕ್ಟೋಬರಿನಲ್ಲಿ ಮೈಕೆಲ್ ಎಂಬುದು ಬಂದುಹೋದ ಮೇಲೆ ಇನ್ನೊಮ್ಮೆ ವಿಚಾರಿಸಿದರು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶ ಲೋಕದ ನಂಬಿಕೆಗೆ ವಿರುದ್ಧವಾಗಿತ್ತು. ಎರಡನೆಯ ಗಾಳಿಯನ್ನು ಜನ ಹೆಚ್ಚು ಧೈರ್ಯದಿಂದ ಎದುರಿಸಿರಲಿಲ್ಲ. ಮತ್ತೆ ಮತ್ತೆ ಸಿಲುಕಿದವರಲ್ಲಿ ಆತಂಕ, ಖಿನ್ನತೆ, ನಾಳಿನ ಚಿಂತೆ ಹೆಚ್ಚಾಗಿದ್ದವು. ದಿನನಿತ್ಯದ ಕೆಲಸವೂ ಬಂಧುಗಳೊಡನಾಟವೂ ಕುಂದಿದ್ದವು. ನೇರವಾಗಿ ಪೆಟ್ಟು ತಿನ್ನದೆ, ಗಂಟೆಗಟ್ಟಲೆ ಅದೇ ಸುದ್ದಿಚಿತ್ರಗಳನ್ನು ನೋಡುತ್ತ ಕುಳಿತವರ ಮೇಲೂ ಪರಿಣಾಮ ಆಗಿತ್ತು.

ಹಾವು ತುಳಿದವನು ಹಗ್ಗಕ್ಕೂ ಹೆದರುತ್ತಾನೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ. ಚಿತೆ ಸುಡುವುದು ಒಂದೇ ಸಲ, ಚಿಂತೆ ಸುಡುವುದು ದಿನವೂ. ಹೆಗಲು ಜಡ್ಡುಗಟ್ಟಬಹುದು, ಮನಸ್ಸಿನ ಗಾಯದ ಮೇಲೆ ಮತ್ತೆ ಪೆಟ್ಟು ಬಿದ್ದರೆ ಅದು ಮಾಯುವುದಿಲ್ಲ, ಆಳವಾಗುತ್ತದೆ.

ಹೊರಡಲೊಲ್ಲದವರು

ಈ ದಣಿವಿಗೆ ಎರಡು ಮುಖಗಳುಂಟು. ಮೋಡ ಕವಿದೊಡನೆ ಗಂಟುಮೂಟೆ ಕಟ್ಟುವವರು ಒಂದು ಕಡೆ. ಎಷ್ಟು ಹೇಳಿದರೂ ಹೊರಡಲೊಲ್ಲದವರು ಇನ್ನೊಂದು ಕಡೆ. ಪ್ರತಿಸಲವೂ ಕೆಲವು ಹಿರಿಯರು ಮನೆಯ ಹೊಸ್ತಿಲ ಮೇಲೆ ಕುಳಿತು, ಸತ್ತರೆ ಇಲ್ಲಿಯೇ ಸಾಯುತ್ತೇವೆ ಎನ್ನುತ್ತಾರೆ. ಅವರನ್ನು ಮೊಂಡರೆಂದು ಬಯ್ಯುವುದು ಸುಲಭ. ಮೂರು ಸಲ ಮನೆ ಬಿಟ್ಟು, ಮೂರು ಸಲವೂ ಗಾಳಿ ಬಾರದೆ ಹೋದುದನ್ನು ಕಂಡ ಮೇಲೆ ನಾಲ್ಕನೆಯ ಸಲ ಕಾಲು ಏಳುವುದಿಲ್ಲ. ಬಿಟ್ಟುಹೋದ ಮನೆಯಲ್ಲಿ ಕಳವಾಗುವ ಭಯ, ದನಕರುಗಳ ಮೇಲಿನ ಮಮತೆ, ಆಶ್ರಯ ಕಟ್ಟಡದ ಇಕ್ಕಟ್ಟಿನ ನೆನಪು ಎಲ್ಲವೂ ಸೇರಿ ಅವರನ್ನು ಹಿಡಿದು ಕೂರಿಸುತ್ತವೆ.

‘ತೋಳ ಬಂತು ತೋಳ’ ಎಂಬ ಕುರುಬ ಹುಡುಗನ ಕಥೆಯನ್ನು ಇಲ್ಲಿ ಕೆಲವರು ಉದಾಹರಿಸುತ್ತಾರೆ. ಆದರೆ ಆ ಕಥೆ ಇಲ್ಲಿಗೆ ಹೊಂದದು. ಆ ಹುಡುಗ ಸುಳ್ಳು ಹೇಳಿದ್ದ. ಹವಾಮಾನ ಇಲಾಖೆಯವರು ಸುಳ್ಳು ಹೇಳುವುದಿಲ್ಲ. ತೋಳ ಅಡವಿಯಂಚಿನಲ್ಲಿ ನಿಜವಾಗಿ ನಿಂತಿರುತ್ತದೆ, ಹಟ್ಟಿಗೆ ನುಗ್ಗದೆ ಪಕ್ಕದ ಹಳ್ಳಿಗೆ ಹೋಗುತ್ತದೆ, ಅಷ್ಟೇ. ಬಾರದ ಬಿರುಗಾಳಿಯೆಂದರೆ ಸುಳ್ಳಾದ ಎಚ್ಚರಿಕೆಯೆಂದು ಎಣಿಸಬಾರದು. ಅದು ಉಳಿದ ಒಂದು ಜೀವವೆಂದು ಎಣಿಸಬೇಕು. ಈ ವಿವೇಕವನ್ನು ಹೆದರಿಸಿ ತುಂಬಲಾಗದು. ಹಳ್ಳಿಯವರೇ ಆದ, ಅವರ ಭಾಷೆಯನ್ನಾಡುವ, ಅವರ ಆಕಳ ಹೆಸರನ್ನೂ ಬಲ್ಲ ಒಬ್ಬರು ಬಂದು ಕೈಹಿಡಿದು ಕರೆದರೆ ಆ ಅಜ್ಜಿ ಏಳುತ್ತಾಳೆ.

ಊರೇ ಹೊರಟಾಗ

ಕೆಲವರಿಗೆ ಹಿಂದಿರುಗುವ ಮನೆಯೂ ಉಳಿಯದು. ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯಲ್ಲಿ ಸತಭಾಯಾ ಎಂಬ ಏಳು ಹಳ್ಳಿಗಳ ಒಂದು ಸಮೂಹವಿತ್ತು. ಕಡಲು ದಡವನ್ನು ಕೊರೆಯುತ್ತ ಆ ಹಳ್ಳಿಗಳನ್ನು ಒಂದೊಂದಾಗಿ ನುಂಗಿತು. ಐನೂರಕ್ಕೂ ಹೆಚ್ಚು ಕುಟುಂಬಗಳನ್ನು ಸರಕಾರವು ಒಳನಾಡಿನ ಬಗಪಾಟಿಯಾ ಎಂಬಲ್ಲಿ ನೆಲೆಗೊಳಿಸಿತು. ಅವರ ಆರಾಧ್ಯದೇವತೆಯಾದ ಪಂಚುಬಾರಾಹಿಯ ಗುಡಿಯಲ್ಲಿ ಬೆಸ್ತರ ಹೆಣ್ಣುಮಕ್ಕಳೇ ಅರ್ಚಕಿಯರು. ಗಂಡಸರು ಮೂರ್ತಿಗಳನ್ನು ಮುಟ್ಟುವಂತಿರಲಿಲ್ಲ. 2018ರಲ್ಲಿ ಅಲೆಗಳು ಗುಡಿಯ ಸಮೀಪಕ್ಕೆ ಬಂದಾಗ ಆ ಭಾರವಾದ ಶಿಲಾಮೂರ್ತಿಗಳನ್ನು ಸಾಗಿಸಲು ಗಂಡಸರ ಕೈಯನ್ನೂ ಕೂಡಿಸಬೇಕಾಯಿತು. ತಲೆತಲಾಂತರದ ಕಟ್ಟಳೆಯೊಂದು ಸಡಿಲಿದ ಆ ದಿನ ದೇವರೂ ಭಕ್ತರೊಡನೆ ವಲಸೆ ಹೊರಟಂತಾಯಿತು. ಹೊಸ ಊರಿನಲ್ಲಿ ಮನೆಯುಂಟು. ಆದರೆ ಬೆಸ್ತನಿಗೆ ಕಡಲಿಲ್ಲದ ಊರು ಊರಾಗುವುದಕ್ಕೆ ಕಾಲ ಬೇಕು. ಭಯದಿಂದ ಬಿಡುಗಡೆ ಪಡೆಯಲು ಮನುಷ್ಯ ತನ್ನ ಬದುಕಿನ ಬೇರನ್ನೇ ಬೆಲೆಯಾಗಿ ತೆರಬೇಕಾಗುವುದು ವಿಪರ್ಯಾಸವಲ್ಲವೇ?

ಔಷಧವೇನು?

ರೋಗವನ್ನು ಹೇಳಿ ಔಷಧ ಹೇಳದಿರುವುದು ಸರಿಯಲ್ಲ. ಈ ವಿಷಯದಲ್ಲಿ ಕನ್ನಡ ನಾಡು ಹೆಮ್ಮೆಪಡಬಹುದಾದ ಒಂದು ಸಂಗತಿಯಿದೆ. 1999ರ ದುರಂತದ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಒಡಿಶಾದಲ್ಲಿ ಸೇವಾಸಂಸ್ಥೆಗಳ ಜೊತೆಗೂಡಿ ನೊಂದವರ ಮನಸ್ಸಿನ ಆರೈಕೆಗೆ ದುಡಿದರು. ಇಷ್ಟೊಂದು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಅದಕ್ಕಾಗಿ ಹಳ್ಳಿಯ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಅವರಿಗಾಗಿ ಸರಳವಾದ ಕೈಪಿಡಿಗಳನ್ನು ಬರೆದರು. ಅವರು ಕಲಿಸಿದ ಉಪಾಯಗಳು ಬಹಳ ಸರಳ. ನೊಂದವನು ತನ್ನ ಎದೆಯೊಳಗಿನದನ್ನು ಹೊರಗೆ ಹಾಕಲು ಎಡೆಗೊಡುವುದು. ಅವನ ಸ್ಥಾನದಲ್ಲಿ ತಾನಿದ್ದಂತೆ ಭಾವಿಸಿ, ನಡುವೆ ಬಾಯಿಹಾಕದೆ ಕೇಳುವುದು. ನೆರೆಹೊರೆಯ ಆಸರೆಯನ್ನು ಮತ್ತೆ ಕಟ್ಟಿಕೊಡುವುದು. ಕೈಗೆ ಒಂದು ಕೆಲಸ ಹಚ್ಚುವುದು. ಮಕ್ಕಳಿಗೆ ಆಟ, ಹಿರಿಯರಿಗೆ ವಿಶ್ರಾಂತಿ ಒದಗಿಸುವುದು. ಅವರವರ ದೈವಶ್ರದ್ಧೆಗೆ ಇಂಬು ಕೊಡುವುದು. ಓದಿ ನೋಡಿದರೆ ಇವು ಒಳ್ಳೆಯ ಅಜ್ಜಿಯೊಬ್ಬಳು ಮನೆಯಲ್ಲಿ ಮಾಡುವ ಕೆಲಸಗಳೇ. ವಿಜ್ಞಾನವು ಅವುಗಳನ್ನು ಕ್ರಮಕ್ಕೆ ತಂದಿತು.

ಇಂದು ಕೇಂದ್ರ ಸರಕಾರದ ‘ಟೆಲಿ ಮಾನಸ್’ ಎಂಬ ಸೇವೆಯೂ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಇದಕ್ಕೂ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಿ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಮನಸ್ಸಿನ ತೊಳಲಾಟವನ್ನು ಹೇಳಿಕೊಳ್ಳಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಹುಚ್ಚು ಹಿಡಿದವರಷ್ಟೇ ಮನೋವೈದ್ಯರ ಬಳಿಗೆ ಹೋಗಬೇಕೆಂಬ ತಪ್ಪು ಕಲ್ಪನೆಯನ್ನು ನಮ್ಮ ಮನೆಗಳಿಂದ ಇನ್ನಾದರೂ ಹೊರಹಾಕಬೇಕು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವುದು ಅವಮಾನವಲ್ಲವಾದರೆ ಭಯ ಬಿಡದಿದ್ದಾಗ ಹೋಗುವುದು ಹೇಗೆ ಅವಮಾನವಾದೀತು?

ನಮ್ಮ ಮನೆಗಳಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ದೂರದ ನಾಡಿಗೆ ಆಪತ್ತು ಬಂದಾಗ ಅಕ್ಕಿ, ಬಟ್ಟೆ, ಹಣ ಕಳುಹಿಸುವ ಔದಾರ್ಯ ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಉಂಟು. ಆದರೆ ಅದು ಮೊದಲ ವಾರದ ಉತ್ಸಾಹವಾಗಿ ಮುಗಿಯುತ್ತದೆ. ಆರು ತಿಂಗಳಾದ ಮೇಲೆ, ಮುಂದಿನ ಮೇ ಅಥವಾ ಅಕ್ಟೋಬರ್ ಹತ್ತಿರವಾದಾಗ, ಅವರನ್ನು ನೆನೆಯುವವರು ಕಡಿಮೆ. ನಿಜವಾಗಿ ಆಗಲೇ ಅವರ ನಿದ್ದೆ ಕೆಡುವುದು. ಕಡಲಂಚಿನಲ್ಲಿ ನೌಕರಿಯಲ್ಲಿರುವ ಮಕ್ಕಳಿಗೋ ಬಂಧುಗಳಿಗೋ ದೂರವಾಣಿ ಮಾಡಿದಾಗ ಮನೆಗೇನೂ ಆಗಲಿಲ್ಲವಷ್ಟೇ ಎಂದು ಕೇಳಿ ಇಟ್ಟುಬಿಡಬಾರದು. ರಾತ್ರಿ ನಿದ್ದೆ ಬಂತೇ, ಮಕ್ಕಳು ಹೇಗಿದ್ದಾರೆ ಎಂದು ಕೇಳಬೇಕು. ಗಾಳಿ ಹೋದ ಮೇಲೂ ಹೆದರುವವರನ್ನು ಕಂಡು ನಗಬಾರದು. ಅದೇ ಭೀಕರ ಚಿತ್ರಗಳನ್ನು ಮಕ್ಕಳ ಮುಂದೆ ಗಂಟೆಗಟ್ಟಲೆ ತೋರಿಸುತ್ತ ಕೂರಬಾರದು. ತಿಳಿಯಬೇಕಾದುದನ್ನು ದಿನಕ್ಕೆ ಎರಡು ಸಲ ತಿಳಿದುಕೊಂಡು ದೂರದರ್ಶನವನ್ನು ಆರಿಸಿದರೆ ಸಾಕು.

ಕಡಲನ್ನು ಕಟ್ಟಿಹಾಕುವುದು ಮನುಷ್ಯನ ಕೈಯಲ್ಲಿಲ್ಲ. ಗಾಳಿಯ ದಾರಿಯನ್ನು ತಿರುಗಿಸುವುದೂ ಅವನಿಗೆ ಅಸಾಧ್ಯ. ಗಾಳಿ ಬರುವ ಮುನ್ನ ಜನರನ್ನು ಎತ್ತರದ ನೆಲೆಗೆ ಸಾಗಿಸುವುದನ್ನು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಒಡಿಶಾ ಕಲಿತಿತು. ಲೋಕವೆಲ್ಲ ಅದನ್ನು ನೋಡಿ ಕಲಿಯುತ್ತಿದೆ. ಗಾಳಿ ಹೋದ ಮೇಲೆ ಅವರ ಮನಸ್ಸನ್ನೂ ಕೆಳಗಿಳಿಸಿ ಮನೆಗೆ ತಲುಪಿಸುವುದನ್ನು ಇನ್ನು ಮೇಲೆ ಎಲ್ಲರೂ ಕಲಿಯಬೇಕಾಗಿದೆ. ಆಶ್ರಯ ಕಟ್ಟಡದಿಂದ ಹಿಂದಿರುಗಿದ ಅಜ್ಜಿಯ ಪಕ್ಕದಲ್ಲಿ ಯಾರಾದರೊಬ್ಬರು ಕುಳಿತು, ತಪ್ಪಿಸಿಕೊಂಡು ಹೋದ ಆಕಳ ಬಗ್ಗೆ ಅವಳು ಹೇಳುವ ಮಾತನ್ನು ಪೂರ್ತಿಯಾಗಿ ಕೇಳಲಿ. ಬಂಗಾಳಕೊಲ್ಲಿಯ ದಡದ ಆ ಮನೆಗಳಲ್ಲಿ ಬರುವ ಅಕ್ಟೋಬರಿನ ರಾತ್ರಿಗಳು ನಿದ್ದೆಯ ರಾತ್ರಿಗಳಾಗಲಿ ಎಂದು ಹಾರೈಸುತ್ತೇವೆ.